ಐದು ಕಿಲೋ ಎರೆಗೊಬ್ಬರ, ಮೂವತ್ತು ದಿನದ ಕುಕಿ

ತಿಂಗಳುಗಟ್ಟಲೆ ನನ್ನ ತಲೆ ತಿಂದ ಒಂದು ಲೆಕ್ಕ ಕಳೆದ ವಾರ ಕೊನೆಗೂ ಕೂಡಿಬಂತು. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿಯ ಹನ್ನೆರಡು ಕುಂಡಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತ, ಗೊಬ್ಬರ ಮತ್ತು ಬೇವಿನ ಹಿಂಡಿಗೆ ಅಫಿಲಿಯೇಟ್ ಲಿಂಕ್ (ಅದರ ಮೂಲಕ ಯಾರಾದರೂ ಕೊಂಡರೆ ನನಗೆ ಕಮಿಷನ್ ಸಿಗುವ ಕೊಂಡಿ) ಕೊಡುವ ಈ ಹವ್ಯಾಸದಲ್ಲಿ ಮೊದಲ ಮಾರಾಟ ನನಗೆಂದೂ ಕಷ್ಟವಾಗಿರಲಿಲ್ಲ. ಒಮ್ಮೆ ಕೊಂಡವರು ಮತ್ತೆ ಕೊಂಡಾಗ ಮಾತ್ರ ಕಮಿಷನ್ ಎಲ್ಲಿಯೋ ಆವಿಯಾಗುತ್ತಿತ್ತು. ವಾಶಿಯ ಹಿರಿಯ ಓದುಗರೊಬ್ಬರು ಫೋನ್ ಮಾಡಿ, ‘ನೀವು ಹೇಳಿದ ಗೊಬ್ಬರದ ಎರಡನೆಯ ಚೀಲವೂ ಬಂತು, ದಾಸವಾಳ ಬಿಡುವಿಲ್ಲದೆ ಹೂ ಬಿಡುತ್ತಿದೆ’ ಎಂದು ಹರಸಿದ ದಿನವೇ ಡ್ಯಾಶ್‌ಬೋರ್ಡ್ ತೆರೆದು ನೋಡಿದೆ. ಆ ತಿಂಗಳ ಸಾಲಿನಲ್ಲಿ ಸೊನ್ನೆಯಿತ್ತು.

ಅಮೆಜಾನ್ ಲಿಂಕುಗಳಿಂದ ಮರುಖರೀದಿಯ ಕಮಿಷನ್ ಬರುತ್ತದೆಂಬ ಆಸೆಯನ್ನು ನಾನು ಮೊದಲೇ ಬಿಟ್ಟಿದ್ದೆ. ಕ್ಲಿಕ್ ಆದ 24 ಗಂಟೆಯೊಳಗೆ ಕೊಳ್ಳಬೇಕು, ಇಲ್ಲವೇ ಕಾರ್ಟಿಗಾದರೂ ಹಾಕಿರಬೇಕು ಎಂಬ ನಿಯಮದ ಮುಂದೆ ಗೊಬ್ಬರದ ಚೀಲ ಏನು ಮಾಡೀತು? ನನ್ನ ಭರವಸೆಯೆಲ್ಲ ಪುಣೆಯ ಕಡೆಯ ಒಬ್ಬ ಸಣ್ಣ ವ್ಯಾಪಾರಿಯ ಮೇಲಿತ್ತು: ನೂರಕ್ಕೆ ಹತ್ತರ ಕಮಿಷನ್, ಮೂವತ್ತು ದಿನದ ಕುಕಿ, ಎಂದರೆ ಕೊಳ್ಳುವವರು ನನ್ನ ಲಿಂಕಿನಿಂದ ಬಂದವರೆಂದು ಅವರ ಬ್ರೌಸರಿನಲ್ಲಿ ಅಷ್ಟು ದಿನ ಉಳಿಯುವ ಗುರುತು. ಮೂವತ್ತು ದಿನ ಧಾರಾಳವಾಯಿತೆಂದು ನಂಬಿದ್ದೇ ನನ್ನ ಮೊದಲ ದಡ್ಡತನ.

ಮೊದಲು ನಾನು ಅನುಮಾನಪಟ್ಟಿದ್ದು ಫೋನುಗಳನ್ನು. ಸ್ವಂತ ಲಿಂಕಿನಿಂದ ನಾನೇ ಕೊಂಡರೆ ಲೆಕ್ಕಕ್ಕಿಲ್ಲವಾದ್ದರಿಂದ, ಪಕ್ಕದ ಮನೆಯ ಕಾಕುವಿನ ಆಂಡ್ರಾಯ್ಡ್ ಫೋನಿನಿಂದಲೂ ಅವರ ಸೊಸೆಯ ಐಫೋನಿನಿಂದಲೂ ಒಂದೇ ದಿನ ಕ್ಲಿಕ್ ಮಾಡಿಸಿ, ಒಂಬತ್ತನೆಯ ದಿನ ಆರ್ಡರ್ ಹಾಕಿಸಿದೆ. ಆಂಡ್ರಾಯ್ಡಿನದು ಎಣಿಕೆಗೆ ಬಂತು, ಐಫೋನಿನದು ಬರಲಿಲ್ಲ. ಪುಟದ ಸ್ಕ್ರಿಪ್ಟ್ (ಪುಟದೊಳಗೇ ಓಡುವ ಪುಟ್ಟ ಪ್ರೋಗ್ರಾಂ) ಬರೆದಿಟ್ಟ ಕುಕಿಯನ್ನು ಐಫೋನಿನ ಬ್ರೌಸರಾದ ಸಫಾರಿ 2019ರಿಂದಲೇ ಏಳು ದಿನಕ್ಕೆ ಅಳಿಸಿಹಾಕುತ್ತದೆ. ವ್ಯಾಪಾರಿಯ ಅಂಗಡಿಯಲ್ಲಿರುವುದು ಅದೇ ಬಗೆಯ ಕುಕಿ. ಇದನ್ನು ವಿವರಿಸಿ ಪತ್ರ ಬರೆದರೆ ಅವರಿಂದ ಬಂದ ಉತ್ತರ ‘ಉದ್ಯಾ ಬಘೂ’ (ನಾಳೆ ನೋಡೋಣ) ಎಂದಷ್ಟೇ. ಅವರ ಆ ನಾಳೆ ಇನ್ನೂ ಬಂದಿಲ್ಲ. ದೀಪಾವಳಿ ಬಂತೆಂದರೆ ಪುಟಗಳ ವಿಳಾಸವನ್ನೇ ಬದಲಿಸಿ ನಮ್ಮ ಹಳೆಯ ಲಿಂಕುಗಳನ್ನೆಲ್ಲ ಸಾಯಿಸುವ ಕೆಲಸವನ್ನು ಮಾತ್ರ ಅವರು ನಾಳೆಗೆ ಹಾಕಿದ್ದಿಲ್ಲ.

ಆದರೆ ಆಂಡ್ರಾಯ್ಡಿನವರ ಮರುಖರೀದಿಯೂ ಕಾಣಿಸುತ್ತಿರಲಿಲ್ಲವಲ್ಲ! ಬೇಸತ್ತು ಒಂದು ಭಾನುವಾರ ಅಡುಗೆಮನೆಯ ತಕ್ಕಡಿಯನ್ನು ಬಾಲ್ಕನಿಗೆ ತಂದು, ಒಂದು ಕುಂಡಕ್ಕೆ ನಾನು ಹಾಕುವ ಒಂದು ಹಿಡಿ ಎರೆಗೊಬ್ಬರವನ್ನು ತೂಗಿದೆ. ನೂರು ಗ್ರಾಂ ಬಂತು. ತಿಂಗಳಿಗೊಮ್ಮೆ ಹನ್ನೆರಡು ಕುಂಡಗಳಿಗೆ 1.2 ಕಿಲೋ ಎಂದರೆ, ಐದು ಕಿಲೋ ಚೀಲ ನಾಲ್ಕು ತಿಂಗಳು ಬರುತ್ತದೆ. ಕುಂಡಕ್ಕೆ 25 ಗ್ರಾಂನಂತೆ ಹಾಕುವ ಬೇವಿನ ಹಿಂಡಿಯ ಒಂದು ಕಿಲೋ ಪೊಟ್ಟಣವೂ ನೂರು ದಿನ ಉಳಿಯುತ್ತದೆ. ಕುಕಿ ಸತ್ತು ಮೂರು ತಿಂಗಳಾದ ಮೇಲೆ ಚೀಲ ಖಾಲಿಯಾಗುವಾಗ ಕಮಿಷನ್ ಎಲ್ಲಿಂದ ಬರಬೇಕು? ಇದಕ್ಕೂ ಮೊದಲು ಮೂವತ್ತನೆಯ ದಿನವೇ ವಾಟ್ಸಾಪ್ ಬ್ರಾಡ್‌ಕಾಸ್ಟಿನಲ್ಲಿ ನೆನಪೋಲೆ ಕಳಿಸಿ, ‘ಚೀಲದ ಬಾಯಿಯನ್ನೇ ಇನ್ನೂ ಬಿಚ್ಚಿಲ್ಲ ಮಾರಾಯ್ರೇ’ ಎಂದು ಬೈಸಿಕೊಂಡಿದ್ದೆ. ಬೈದವರು ನನ್ನ ನಂಬರನ್ನು ಸೇವ್ ಮಾಡಿಕೊಂಡವರು. ಮಾಡಿಕೊಳ್ಳದವರಿಗೆ ಬ್ರಾಡ್‌ಕಾಸ್ಟ್ ತಲಪುವುದೇ ಇಲ್ಲ.

ಆಗ ಕುಕಿಯ ಸಹವಾಸವೇ ಬೇಡವೆಂದು ವ್ಯಾಪಾರಿಯ ಮುಂದೆ ಬೇರೆ ಪ್ರಸ್ತಾವವಿಟ್ಟೆ: ನನ್ನ ಕೂಪನ್ ಕೋಡ್ ಹಾಕಿ ಮೊದಲ ಸಲ ಕೊಂಡವರ ಮೊಬೈಲ್ ನಂಬರನ್ನು ಅವರ ಬಿಲ್ಲಿಂಗಿನಲ್ಲಿ ಒಂದು ವರ್ಷ ನನ್ನ ಹೆಸರಿಗೆ ಸೇರಿಸಿಡಬೇಕು. ಅವರು ಒಪ್ಪಿದರು, ಆದರೆ ಮೊದಲ ಖರೀದಿಗೆ ನೂರಕ್ಕೆ ಎಂಟು, ಆಮೇಲಿನ ಪ್ರತಿ ಖರೀದಿಗೆ ಐದು ಎಂದು ದರ ಇಳಿಸಿದರು. ₹400ರ ಚೀಲವನ್ನು ಹತ್ತು ಮಂದಿ ಕೊಂಡರೆ ಮೊದಲು ₹400 ಬರುತ್ತಿದ್ದಲ್ಲಿ ಈಗ ₹320 ಬರುತ್ತದೆ. ಆ ಎಂಬತ್ತನ್ನು ತುಂಬಿಕೊಳ್ಳಲು ₹20ರಂತೆ ನಾಲ್ಕು ಮರುಖರೀದಿಗಳಾದರೂ ಆಗಬೇಕು. ಈ ಅನುಪಾತವನ್ನು ಹಾಳೆಯ ಮೇಲೆ ಬರೆದು ನೋಡದೆ ಇಂಥ ಒಪ್ಪಂದಕ್ಕೆ ಕೈ ಹಾಕಬೇಡಿ. ಕುಂಡ, ಕತ್ತರಿಯಂಥ ಒಂದೇ ಸಲ ಕೊಳ್ಳುವ ಸಾಮಾನಿಗೆ ಇದು ಶುದ್ಧ ನಷ್ಟ.

ಜೂನ್ ಮೊದಲ ವಾರ ಈ ಕೋಡಿನಿಂದ ಹದಿನಾಲ್ಕು ಮಂದಿ ಚೀಲ ತರಿಸಿದ್ದರು. 110ನೆಯ ದಿನ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ, ಅವರ ಗಿಡದ ಹೆಸರು ಹಿಡಿದು, ಇದರಲ್ಲಿ ನನಗೆ ಕಮಿಷನ್ ಇದೆಯೆಂದೂ ತಿಳಿಸಿ ಸಂದೇಶ ಬರೆದೆ. ಆರು ಮಂದಿ ಕೊಂಡರು, ಆರೂ ಆರ್ಡರುಗಳು ಎಣಿಕೆಗೆ ಬಂದವು. ವಾಶಿಯ ಹಿರಿಯರಂತೂ ಲಿಂಕನ್ನೂ ಮುಟ್ಟದೆ, ಕೋಡನ್ನೂ ಹೇಳದೆ, ನೇರವಾಗಿ ವ್ಯಾಪಾರಿಗೆ ಫೋನ್ ಮಾಡಿ ತರಿಸಿದ್ದರು. ಅದೂ ನನ್ನ ಖಾತೆಯಲ್ಲಿ ಕಂಡಾಗ ಕುರ್ಚಿಯಿಂದ ಎದ್ದು ನಿಂತೆ. ಆರು ಚೀಲಕ್ಕೆ ಬಂದದ್ದು ₹120. ಮನೆಯವರಿಗೆ ವಡಾಪಾವ್ ಕೊಡಿಸಿದೆ, ಅಲ್ಲಿಗೆ ಮುಗಿಯಿತು. ಮಳೆ ಹಿಂದೆ ಸರಿದು, ದಸರೆಯ ಹೊತ್ತಿಗೆ ಎಲ್ಲರಿಗೂ ಕುಂಡಗಳ ನೆನಪಾದದ್ದರ ಪಾಲೂ ಇದರಲ್ಲಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಬೇಸಿಗೆಯ ಹದಿನಾಲ್ಕು ಮಂದಿಯಿಂದ ಇದೇ ಫಲ ಬಂದೀತೆಂದು ಹೇಳಲಾರೆ.

ಈ ನಡುವೆ ಮಾಟುಂಗಾದಲ್ಲಿ ಫಿಲ್ಟರ್ ಕಾಫಿ ಕುಡಿಯುವಾಗ ಹೊಳೆದದ್ದು: ದಿನಕ್ಕೆ ನಾಲ್ಕು ಲೋಟ ಇಳಿಸುವ ಮನೆಯಲ್ಲಿ ಅರ್ಧ ಕಿಲೋ ಪುಡಿ ಎರಡು ಮೂರು ವಾರ ಬಂದರೆ ಹೆಚ್ಚು. ಮೂವತ್ತು ದಿನದ ಕುಕಿಯೊಳಗೆ ಆರಾಮವಾಗಿ ಕೂರುವ ಸಾಮಾನು ಅದು! ಪುಡಿ ಹುರಿಯುವವರೊಬ್ಬರ ಜೊತೆ ಮಾತು ಶುರುವಾಗಿದೆ. ಈ ಸಲ ಅವರ ಅಂಗಡಿಯ ಕುಕಿ ಯಾವ ಬಗೆಯದೆಂದು ಮೊದಲ ದಿನವೇ ಕೇಳಿದ್ದೇನೆ.

ಗೊಬ್ಬರದ ಉಳಿದ ಎಂಟು ಮಂದಿಗೆ ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ ಬರೆಯುವವನಿದ್ದೇನೆ, ವ್ಯಾಪಾರಿ ಅಷ್ಟರೊಳಗೆ ಪುಟದ ವಿಳಾಸವನ್ನು ಮತ್ತೆ ಬದಲಿಸದಿದ್ದರೆ.