ಕಲ್ಲು ಮಾರುವ ಅಜ್ಜನ ಗಡ್ಡ

"ವಾಷಿ? ದೆಂಕಿ ಯಾ."

ಅಂದರೆ, ನಾನಾ? ಕರೆಂಟಿಂದು. ಕತ್ತಿ ಮಸೆಯುವ ಕಲ್ಲು ಮಾರುವ ಜಪಾನಿ ಅಜ್ಜ ಹೇಳಿದ್ದು ಇಷ್ಟೇ. ಇವತ್ತಿಗೆ ಐದು ದಿನ ಆಯ್ತು. ಮೀಟಿಂಗ್‌ನಲ್ಲಿ ಕೂತಾಗ, ಸೈಕಲ್ ತುಳಿಯುವಾಗ, ರಾತ್ರಿ ಪಾತ್ರೆ ತೊಳೆಯುವಾಗ ಅದೇ ಮಾತು ನೆನಪಾಗುತ್ತದೆ. ಒಬ್ಬನೇ ನಗುತ್ತೇನೆ. ಆಮೇಲೆ ಯಾಕೋ ಪೆಚ್ಚಾಗುತ್ತೇನೆ.

ಕ್ಯೋಟೋದ ಕಿತಾನೋ ತೆನ್‌ಮಾಂಗು ದೇವಸ್ಥಾನದ ಸುತ್ತ ಪ್ರತಿ ತಿಂಗಳು 25ಕ್ಕೆ ಸಂತೆ ಸೇರುತ್ತದೆ. ಹಳೇ ಕಿಮೋನೋ, ಅಂಚು ಒಡೆದ ಬಟ್ಟಲು, ತುಕ್ಕು ಹಿಡಿದ ಗರಗಸ, ಯಾರದೋ ಮನೆಯ ಗಡಿಯಾರ, ಎಲ್ಲ ಸಿಗುತ್ತವೆ. ಕಳೆದ ವರ್ಷ ಅಲ್ಲೇ ನನಗೊಂದು ಮಡಚುವ ಕ್ಷೌರದ ಕತ್ತಿ ಸಿಕ್ಕಿತ್ತು. ಬುಡದಲ್ಲಿ ಜೋಲಿಂಗೆನ್ ಅಂತ ಕೊರೆದಿದೆ, ಜರ್ಮನಿಯ ಮಾಲು. ನಾನು ಚಿಕ್ಕವನಿದ್ದಾಗ ನಮ್ಮೂರಿನ ಕ್ಷೌರದಂಗಡಿಯಲ್ಲೂ ಇಂಥದ್ದೇ ಇತ್ತು. ಚರ್ಮದ ಪಟ್ಟಿಯ ಮೇಲೆ ಟಪ್ ಟಪ್ ಅಂತ ಎಳೆಯುತ್ತಿದ್ದರಲ್ಲ, ಅದು. ಆಮೇಲೆ ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ ಬಂತು, ಪಟ್ಟಿಯೂ ಹೋಯಿತು, ಟಪ್ ಟಪ್ಪೂ ಹೋಯಿತು.

ಒಂದು ವರ್ಷದಿಂದ ನನ್ನ ಭಾನುವಾರಗಳೆಲ್ಲ ಆ ಕತ್ತಿಗೆ ಹರಿತ ಬರಿಸುವುದರಲ್ಲೇ ಹೋಗುತ್ತಿವೆ. 1000 ನಂಬರಿನ ಕಲ್ಲಿನಲ್ಲಿ ಬಾಯಿ ಕೂರಿಸಬೇಕು, ಆಮೇಲೆ 3000, ಆಮೇಲೆ 8000. ಇವೆಲ್ಲ ಕಾರ್ಖಾನೆಯ ಕಲ್ಲುಗಳು, ನಂಬರು ಏರಿದಷ್ಟೂ ಕಲ್ಲು ನುಣುಪು. ಇಷ್ಟಕ್ಕೇ ಗಡ್ಡ ಹೋಗುತ್ತದೆ, ಆದರೆ ಮುಖ ಅರ್ಧ ದಿನ ಉರಿಯುತ್ತದೆ. ಉರಿ ಬೇಡ ಅಂದರೆ ಕೊನೆಯ ಕೈ ಕ್ಯೋಟೋದ ಬೆಟ್ಟದ ಕಲ್ಲಿನಲ್ಲೇ ಆಗಬೇಕು ಅಂತ ಈ ಹುಚ್ಚು ಹಿಡಿದವರೆಲ್ಲ ಹೇಳುತ್ತಾರೆ. ಅವಾಸೆದೋ ಅಂತ ಅದರ ಹೆಸರು. ನಾನಿರುವುದೇ ಕ್ಯೋಟೋದಲ್ಲಿ. ಸುಮ್ನೆ ಇರೋಕಾಗುತ್ತಾ?

ಈ ತಿಂಗಳ ಸಂತೆಯಲ್ಲಿ ಅಜ್ಜ ನೀಲಿ ಟಾರ್ಪಾಲಿನ ಮೇಲೆ ಕಲ್ಲು ಹರಡಿಕೊಂಡು ಕೂತಿದ್ದರು. ಒಣಗಿದಾಗ ಎಲ್ಲವೂ ಒಂದೇ, ಮಾಸಿದ ಸೋಪಿನ ಬಿಲ್ಲೆಗಳ ಹಾಗೆ. ಬಾಟಲಿಯಿಂದ ನೀರು ಚಿಮುಕಿಸಿದರೆ ಮಾತ್ರ ಒಂದೊಂದರ ಬಣ್ಣ ಏಳುತ್ತದೆ. ಒಂದು ಹಳದಿ, ಒಂದು ತಿಳಿ ಬೂದು, ಒಂದರ ಮೇಲೆ ಕಪ್ಪು ಕಲೆಗಳು. ಈ ಕಪ್ಪು ಕಲೆಯದ್ದಕ್ಕೆ ಕರಾಸು ಅನ್ನುತ್ತಾರೆ, ಅಂದರೆ ಕಾಗೆ. ಕೆಲವಕ್ಕೆ ಚೀಟಿ ಅಂಟಿಸಿತ್ತು: ನಕಾಯಾಮಾ, ಓಹಿರಾ, ಓಜುಕು. ಎಲ್ಲ ಗಣಿಗಳ ಹೆಸರು. ಕಾರ್ಖಾನೆ ಕಲ್ಲಿಗಿರುವ ಹಾಗೆ ನಂಬರು ಇವಕ್ಕಿಲ್ಲ. ಪಕ್ಕದ ಎರಡು ಕಲ್ಲು ಒಂದೇ ಗಣಿಯವಾದರೂ ಒಂದು ಮೃದು, ಇನ್ನೊಂದು ಗಟ್ಟಿ. ಮೃದುವಾದ್ದು ಅಡಿಗೆ ಚಾಕುವಿಗೆ, ತುಂಬಾ ಗಟ್ಟಿಯಾದ್ದು ಕ್ಷೌರದ ಕತ್ತಿಗೆ. ಮಸೆದು ನೋಡದೆ ಏನೂ ಗೊತ್ತಾಗುವುದಿಲ್ಲ.

ನನಗಿಂತ ಮೊದಲೇ ಒಬ್ಬ ಬಿಳಿಯ ಬಂದು ಕೂತಿದ್ದ. ಜೇಬಿನಲ್ಲಿ ಭೂತಗನ್ನಡಿ. ಒಂದೊಂದೇ ಕಲ್ಲು ಎತ್ತಿ, ಕಣ್ಣಿಗೆ ಕನ್ನಡಿ ಇಟ್ಟು, ಇದು ಯಾವ ಪದರದ್ದು, ಯಾಕೆ ಹೀಗೆ ಗೆರೆ ಬಂದಿದೆ ಅಂತ ಅಜ್ಜನಿಗೇ ಪಾಠ ಹೇಳುತ್ತಿದ್ದ. ಅವರದೇ ಬೆಟ್ಟದ ಬಗ್ಗೆ! ಅಜ್ಜ "ಹೋ, ಸೋ ದೆಸ್ ಕಾ" ಅಂತ ಹೂಂಗುಟ್ಟುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ನೋಡಿದರೆ ನನ್ನ ಬ್ಯಾಗಿನಲ್ಲೂ ಅಂಥದ್ದೇ ಕನ್ನಡಿ ಇತ್ತು. ತೆಗೆಯಲಿಲ್ಲ ಅಷ್ಟೇ.

ಅವನು ಹೋದ ಮೇಲೆ ಅಜ್ಜ ನನಗಾಗಿ ಮೂರು ಕಲ್ಲು ಆರಿಸಿದರು. ಮೂರರ ಮೇಲೂ ತಮ್ಮದೇ ಕತ್ತಿ ಮಸೆದು ತೋರಿಸಿದರು, ಒಂದೊಂದಕ್ಕೆ ಹತ್ತು ನಿಮಿಷ, ಒಂಚೂರೂ ಅವಸರ ಇಲ್ಲ. ಪ್ರತಿ ಸಲ ಮಸೆದು ಒರೆಸಿ, ಅಂಗಿಯ ಎಡತೋಳು ಮಡಚಿ, ಮೊಣಕೈ ಕೆಳಗಿನ ಕೂದಲಿನ ಮೇಲೆ ಕತ್ತಿಯನ್ನು ಹಗುರಾಗಿ ಆಡಿಸುವುದು. ಆ ಕೈ ನೋಡಬೇಕಿತ್ತು! ಮಣಿಕಟ್ಟಿನಿಂದ ಮೊಣಕೈವರೆಗೆ ಹಸುಗೂಸಿನ ಚರ್ಮದ ಹಾಗೆ ನುಣ್ಣಗೆ, ಅಲ್ಲೊಂದು ಇಲ್ಲೊಂದು ಕೂದಲು. ಪರೀಕ್ಷೆ ಮಾಡಿ ಮಾಡಿ ಉಳಿದದ್ದು ಅಷ್ಟೇ. ಮೂರನೇ ಕಲ್ಲಿನ ಹೊತ್ತಿಗೆ ಬೋಳಿಸಲು ಕೂದಲೇ ಇರಲಿಲ್ಲ, ಬಲಗೈಗೆ ಹೋದರು.

ಆಗ ನಾನು ಕೇಳಿದೆ, ನೀವು ದಿನಾ ಇದರಲ್ಲೇ ಶೇವ್ ಮಾಡಿಕೊಳ್ಳುತ್ತೀರಾ ಅಂತ. ಕೇಳುವಾಗ ಭಕ್ತಿ ಜಾಸ್ತಿಯೇ ಇತ್ತು ಅಂತ ಕಾಣುತ್ತೆ.

"ವಾಷಿ? ದೆಂಕಿ ಯಾ."

ಆಗ ಅವರ ಮುಖ ಸರಿಯಾಗಿ ನೋಡಿದೆ. ದವಡೆಯ ಕೆಳಗೆ, ಗಂಟಲ ಮಡಿಕೆಗಳಲ್ಲಿ, ಶೇವರ್ ತಪ್ಪಿಸಿಬಿಡುವ ಜಾಗದಲ್ಲೆಲ್ಲ ಬಿಳೀ ಕೂದಲು ಚಿಗುರಿಕೊಂಡಿತ್ತು. ಕೈ ಮಗುವಿನದು, ಗದ್ದ ಕೊಯ್ದ ಗದ್ದೆ. ಈ ಎರಡನ್ನೂ ಒಟ್ಟಿಗೆ ಕಣ್ಣಿಂದ ಅಳಿಸಲು ನನಗೆ ಆಗುತ್ತಿಲ್ಲ.

ಎಂಟು ಸಾವಿರ ಯೆನ್ ಕೊಟ್ಟು ಬೂದು ಬಣ್ಣದ ಚೂರು ತಂದೆ. ಸರಿಯಾದ ಇಟ್ಟಿಗೆ ಆಕಾರ ಇಲ್ಲದ ಇಂಥ ಚೂರಿಗೆ ಕೊಪ್ಪಾ ಅನ್ನುತ್ತಾರೆ, ಇಡೀ ಕಲ್ಲಿಗಿಂತ ತುಂಬಾ ಅಗ್ಗ, ಕತ್ತಿಯ ಅಗಲಕ್ಕೆ ಅದೇ ಸಾಕು.

ಮನೆಗೆ ಬರುವಷ್ಟರಲ್ಲಿ ಅಜ್ಜನ ಬಗ್ಗೆ ಒಂದು ಕಥೆ ಕಟ್ಟಿಯಾಗಿತ್ತು. ಬಹುಶಃ ವಯಸ್ಸಾಗಿ ಕೈ ನಡುಗುತ್ತಿರಬೇಕು, ಕಲ್ಲಿನ ಮೇಲೆ ನಿಲ್ಲುವ ಕೈ ಕನ್ನಡಿ ಮುಂದೆ ನಿಲ್ಲುವುದಿಲ್ಲವೇನೋ, ಎಂಥ ದುಃಖ ಅಂತೆಲ್ಲ. ಹೆಂಡತಿಗೆ ಹೇಳಿದೆ. "ಬೇಗ ಆಗುತ್ತಲ್ಲ, ಅದಕ್ಕೇ ಇರಬೇಕು ಕಣ್ರೀ" ಅಂದಳು, ತಲೆ ಎತ್ತದೆ. ನಿಜ. ಕೈ ಎಲ್ಲಿ ನಡುಗುತ್ತಿತ್ತು? ನನ್ನ ಕಣ್ಣ ಮುಂದೆಯೇ ತೋಳಿನ ಕೂದಲು ಒಂದು ಗೀರೂ ಇಲ್ಲದೆ ತೆಗೆದರಲ್ಲ. ಕಥೆ ಬೇಕಾಗಿದ್ದದ್ದು ನನಗೆ.

ಮೂಡಿಗೆರೆಯಲ್ಲಿ ನಮ್ಮ ಮಾವನ ಕಾಫಿ ತೋಟ ಇದೆ. ಹಣ್ಣು ಕೈಗೆ ತೆಗೆದುಕೊಂಡರೆ ಸಾಕು, ತೋಟದ ಯಾವ ಪಟ್ಟೆಯದ್ದು ಅಂತ ಹೇಳುತ್ತಾರೆ. ಬೆಳಿಗ್ಗೆ ಎದ್ದು ಕುಡಿಯುವುದು ಮಾತ್ರ ಟೀ. ಬೆಂಗಳೂರಿನಿಂದ ಬಂದ ನೆಂಟರು ಎಸ್ಟೇಟ್ ಕಾಫಿ ಅಂತ ಹಂಬಲಿಸಿಕೊಂಡು ಬಂದರೆ, ಅತ್ತೆ ಪೇಟೆಯಿಂದ ಪುಡಿ ತರಿಸುತ್ತಾರೆ. ಅದರಲ್ಲಿ ನಮಗೆ ಯಾವತ್ತೂ ಆಶ್ಚರ್ಯ ಆಗಿಲ್ಲ. ಮಾವ ಕಾಫಿಗೆ ಮೋಸ ಮಾಡಿದರು ಅಂತ ಯಾರೂ ಅಂದಿಲ್ಲ. ಮತ್ತೆ ಈ ಜಪಾನಿನ ಅಜ್ಜ ಮಾತ್ರ ಯಾಕೆ ಋಷಿಯ ಹಾಗಿರಬೇಕು? ಪರದೇಶದ ಮುದುಕರ ಮೇಲೆ ನಾವು ಹೊರಿಸುವ ಹೊರೆ ಸಣ್ಣದಲ್ಲ.

ಆದರೂ ಒಂದು ಮಾತು ಕೊರೆಯುತ್ತಿದೆ. ಈ ಗಣಿಗಳಲ್ಲಿ ಹೆಚ್ಚಿನವು ಈಗ ಮುಚ್ಚಿವೆ. ಮುಖ್ಯವಾಗಿ ಕೊಳ್ಳುತ್ತಿದ್ದವರು ಬಡಗಿಗಳು, ಅವರಿಗೆ ಕರೆಂಟಿನ ಉಜ್ಜುಗೊರಡು ಬಂತು. ಕಾರ್ಖಾನೆ ಕಲ್ಲು ಅಗ್ಗಕ್ಕೆ ಸಿಕ್ಕಿತು. ಗಡ್ಡಕ್ಕೆ ಬ್ಲೇಡ್ ಬಂತು, ಶೇವರ್ ಬಂತು. ಅಂದರೆ ಆ ಗಣಿ ಮುಚ್ಚಿಸಿದವರ ಸಾಲಿನಲ್ಲಿ, ಎಲ್ಲೋ ಒಂದು ಮೂಲೆಯಲ್ಲಿ, ಗದ್ದಕ್ಕೆ ಶೇವರ್ ಹಿಡಿದ ಈ ಅಜ್ಜನೂ ಇದ್ದಾರೆ ಅಲ್ವಾ! ಈಗ ಉಳಿದ ಕಲ್ಲು ಕೊಳ್ಳುವವರು ಯಾರು? ಭೂತಗನ್ನಡಿಯ ಆ ಬಿಳಿಯ, ನಾನು. ಇಬ್ಬರಿಗೂ ಇದರ ಅಗತ್ಯ ಇಲ್ಲ. ಅಗತ್ಯ ಇದ್ದವರು ಬಿಟ್ಟ ಮೇಲೆ ಆಸೆ ಇರುವವರು ಬರುತ್ತಾರೆ, ಬೆಲೆ ಏರುತ್ತದೆ, ನಾವೇ ಇದನ್ನು ಉಳಿಸುತ್ತಿದ್ದೇವೆ ಅಂತ ಬೀಗುತ್ತೇವೆ. ಯಕ್ಷಗಾನ, ಮಣ್ಣಿನ ಮಡಕೆ, ಸಿರಿಧಾನ್ಯ, ಎಲ್ಲದರಲ್ಲೂ ನಾನು ಇದೇ ಕೆಲಸ ಮಾಡಿದವನು. ಸಿರಿಧಾನ್ಯ ಮೂರು ವಾರದಲ್ಲಿ ಬಿಟ್ಟೆ.

ಸಂತೆಯ ಮರುದಿನ ರಜೆ ಹಾಕಿ ಕಿತಾನೋದಿಂದ ರಾನ್‌ದೆನ್ ಟ್ರಾಮ್ ಹತ್ತಿ ನರುತಾಕಿಯಲ್ಲಿ ಇಳಿದೆ. ಕಲ್ಲಿನ ಹೆಸರಿನಲ್ಲೆಲ್ಲ ಬರುವ ಊರು. ಪುಟ್ಟ ಸ್ಟೇಷನ್, ಮನೆಗಳು, ಒಗೆದ ಬಟ್ಟೆ. ಹಿಂದೆ ಬೆಟ್ಟ. ಆ ಬೆಟ್ಟಗಳ ಕಲ್ಲು ಸುಮಾರು 25 ಕೋಟಿ ವರ್ಷ ಹಿಂದಿನ ಸಮುದ್ರ ತಳದ ಕೆಸರು. ಕಡಲ ಜೀವಿಗಳಲ್ಲಿ ಹೆಚ್ಚಿನವು ನಾಶವಾಗಿಹೋದ ಕಾಲದ ಆಸುಪಾಸಿನದು. ದಡದ ಮರಳು ತಲುಪದಷ್ಟು ದೂರದಲ್ಲಿ ನುಣ್ಣನೆಯ ಮಣ್ಣು, ಕಣ್ಣಿಗೆ ಕಾಣದ ಜೀವಿಗಳ ಚಿಪ್ಪು ಸಾವಕಾಶ ಕೂತು ಗಟ್ಟಿಯಾಗಿ, ಆಮೇಲೆ ಸಮುದ್ರತಳದ ಜೊತೆ ಜರುಗಿ ಬಂದು ಇಲ್ಲಿ ಮೇಲೆದ್ದಿದೆ. ದಪ್ಪ ಮರಳು ಇಲ್ಲದ್ದಕ್ಕೇ ಕತ್ತಿಯ ಬಾಯಿಗೆ ಗೀರು ಬೀಳುವುದಿಲ್ಲ. ಇಷ್ಟೆಲ್ಲ ಆಗಿ ಬಂದದ್ದನ್ನು ನಾನು ಗಡ್ಡಕ್ಕೆ ಬಳಸುತ್ತೇನೆ. ಒಂದು ಕಾಫಿ ಕುಡಿದು ವಾಪಸ್ ಬಂದೆ.

ಭಾನುವಾರ ಕಲ್ಲನ್ನು ಅಡಿಗೆಮನೆಯ ಕಟ್ಟೆ ಮೇಲೆ ಒದ್ದೆ ಬಟ್ಟೆ ಹಾಸಿ ಇಟ್ಟೆ. ಇದನ್ನು ನೀರಲ್ಲಿ ನೆನೆಹಾಕಬಾರದು, ಪದರಕ್ಕೆ ನೀರು ಇಳಿದರೆ ಸೀಳುತ್ತದೆ. ಅದಕ್ಕೇ ಪಕ್ಕಗಳಿಗೆ ಉರುಶಿ ಮರದ ಅಂಟು ಬಳಿಯುತ್ತಾರೆ. ನಾಲ್ಕು ಹನಿ ನೀರು ಹಾಕಿ, ಅದೇ ಜಾತಿಯ ಪುಟ್ಟ ಕಲ್ಲಿನಿಂದ ಉಜ್ಜಿದೆ. ಹಾಲಿನಂಥ ಬೂದು ಗಂಧ ಬಂತು. ಅಷ್ಟೊತ್ತಿಗೆ ಅಮ್ಮನ ವಿಡಿಯೋ ಕಾಲ್. "ಏನೋ ಅದು, ಗಂಧ ತೇಯ್ತಿದೀಯಾ? ಯಾವ ಪೂಜೆ?" ಅಂದಳು. ಗಡ್ಡಕ್ಕೆ ಅಂದೆ. ತೇಯುವುದಕ್ಕೂ ಮಸೆಯುವುದಕ್ಕೂ ನಮ್ಮಲ್ಲಿ ಸಾಣೆಕಲ್ಲು ಅಂತ ಒಂದೇ ಹೆಸರು ತಾನೇ, ಅವಳದೇನೂ ತಪ್ಪಿಲ್ಲ. "ಅಷ್ಟು ದೂರ ಹೋಗಿ ಇದಾ?" ಅಂತ ಇಟ್ಟುಬಿಟ್ಟಳು.

ಕತ್ತಿಯನ್ನು ಪೂರ್ತಿ ಮಲಗಿಸಿ, ಬೆನ್ನೂ ಬಾಯೂ ಎರಡೂ ಕಲ್ಲಿಗೆ ತಾಗುವ ಹಾಗಿಟ್ಟು, ಬಾಯಿ ಮುಂದಾಗಿ ತಳ್ಳಬೇಕು. ಕೋನ ನಾವು ಹಿಡಿಯುವುದಲ್ಲ, ಕತ್ತಿಯ ಬೆನ್ನೇ ಹಿಡಿಯುತ್ತದೆ. ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಬೇಕು, ಬಾಯಿಯ ಮೇಲಲ್ಲ. ಇಪ್ಪತ್ತು ಸಲ ಆದ ಮೇಲೆ ಗಂಧದಲ್ಲಿ ಕಪ್ಪು ಗೆರೆ ಮೂಡಿತು, ಅದು ಉಕ್ಕು. ಒಂದು ಹನಿ ನೀರು. ಮತ್ತೆ ಇಪ್ಪತ್ತು. ಮತ್ತೊಂದು ಹನಿ. ಗಂಧ ತೆಳುವಾಗುತ್ತಾ ಹೋದ ಹಾಗೆ ಸದ್ದೂ ಇಳಿಯಿತು. ಕೊನೆಗೆ ಬರೀ ನೀರು, ಆಗ ಕತ್ತಿ ಕಲ್ಲಿಗೆ ಹೀರಿಕೊಂಡ ಹಾಗೆ ಅಂಟಿತು, ಎಳೆದರೆ ಒಲ್ಲೆ ಅನ್ನುವ ಹಾಗೆ ಬಂತು. ಆ ಒಂದು ಅಂಟು ಕೈಗೆ ಗೊತ್ತಾದಾಗ ಎಂಟು ಸಾವಿರ ಯೆನ್, ಅಜ್ಜ, ಬಿಳಿಯ ಎಲ್ಲರೂ ತಲೆಯಿಂದ ಹೋಗಿದ್ದರು. ಚರ್ಮದ ಪಟ್ಟಿಯ ಮೇಲೆ ಅರವತ್ತು ಸಲ ಎಳೆದೆ. ಸುಮ್ನೆ ತೋಳಿಗೆ ಹಿಡಿದು ನೋಡಿದೆ. ಕೂದಲು ಹಾರಿಹೋಯಿತು. ಇನ್ನೊಮ್ಮೆ, ಇನ್ನೊಮ್ಮೆ.

ಶೇವ್ ಚೆನ್ನಾಗಿಯೇ ಆಯ್ತು. ಕೆನ್ನೆ ಉರಿಯಲಿಲ್ಲ, ಸುಳ್ಳು ಹೇಳಬಾರದು. ಆದರೆ ಗಂಟಲ ಉಬ್ಬಿನ ಹತ್ತಿರ ಬಂದಾಗ ಧೈರ್ಯ ಸಾಲಲಿಲ್ಲ, ಆಫೀಸಿಗೂ ಹೊತ್ತಾಗಿತ್ತು ಅನ್ನೋ ನೆಪಕ್ಕೆ ಅವತ್ತು ಭಾನುವಾರ ಬೇರೆ ಅಡ್ಡ ಬಂತು. ಅಷ್ಟು ಜಾಗವನ್ನು ಹಳೇ ಪ್ಲಾಸ್ಟಿಕ್ ರೇಜರ್‌ನಲ್ಲಿ ಬೇಗ ಬೇಗ ತೆಗೆದು, ಅಂಗಿಯ ಎಡತೋಳನ್ನು ಕೆಳಗೆ ಎಳೆದುಕೊಂಡು ತಿಂಡಿಗೆ ಕೂತೆ.