ಕಲಮಜೂವಿನ ಹಬ್ಬದೂಟದಲ್ಲಿ ಕಾಲೇಜು ಸಾಲದ ಮಾತು

ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಅದಕ್ಕೆ ಮುಂಚಿನ ವಾರ ಇಲ್ಲಿಯ ಪತ್ರಿಕೆಗಳೂ ಟಿವಿ ವಾಹಿನಿಗಳೂ ತಪ್ಪದೆ ಕೊಡುವ ಸಲಹೆಯೊಂದಿದೆ: ಊಟಕ್ಕೆ ಕೂತಾಗ ರಾಜಕೀಯ ಮಾತನಾಡಬೇಡಿ. ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ನಾನು ಸೇರುವ ಗೆಳೆಯರ ಪಂಕ್ತಿಯಲ್ಲಿ ಈ ಸಲಹೆಯನ್ನು ಯಾರೂ ಪಾಲಿಸುವುದಿಲ್ಲ; ಆ ಊಟ ನನಗೆ ಇಷ್ಟವಾಗುವುದಕ್ಕೆ ಅದೂ ಒಂದು ಕಾರಣ. ಸಂಬಳ ಎಷ್ಟು, ಮತ ಯಾರಿಗೆ ಎಂದು ಕೇಳುವುದನ್ನು ಒರಟುತನವೆಂದು ಎಣಿಸುವ ಈ ದೇಶದಲ್ಲಿ, ವರ್ಷಕ್ಕೊಂದು ಮಧ್ಯಾಹ್ನವಾದರೂ ಜನ ತಮ್ಮ ಕಾಲೇಜು ಸಾಲ ಎಷ್ಟು ಉಳಿದಿದೆ, ಅದನ್ನು ಸರ್ಕಾರ ಮನ್ನಾ ಮಾಡಬೇಕೇ ಬೇಡವೇ ಎಂದು ಮುಚ್ಚುಮರೆಯಿಲ್ಲದೆ ಮಾತನಾಡುವುದನ್ನು ಅಲ್ಲಿ ಕೇಳಿದ್ದೇನೆ. ಕರ್ನಾಟಕದ ನಮ್ಮ ಊರುಗಳಲ್ಲಿ ಇರುವವರಿಗೆ ಅಮೆರಿಕದ ಈ ಮುಖ ಅಷ್ಟಾಗಿ ಕಾಣಸಿಗುವುದಿಲ್ಲವೆಂದು ಬರೆಯುತ್ತಿದ್ದೇನೆ.

ಮನೆಯಾಕೆ ಸರ್ಕಾರಿ ಶಾಲೆಯ ಶಿಕ್ಷಕಿ, ಆಕೆಯ ಗಂಡ ಆಸ್ಪತ್ರೆಯಲ್ಲಿ ನರ್ಸ್. ಅವರೊಂದಿಗೆ ಎಂಬತ್ತು ದಾಟಿದ ಆಕೆಯ ತಂದೆ ಮತ್ತು ಹೈಸ್ಕೂಲಿನ ಕೊನೆಯ ವರ್ಷದಲ್ಲಿರುವ ಮಗಳು ಇರುತ್ತಾರೆ. ಹೊರಗಿನಿಂದ ಬರುವವರಲ್ಲಿ ಕಾಲೇಜಿನ ಮೆಟ್ಟಿಲು ಹತ್ತದೆ ಕೆಲಸ ಕಲಿತ ಎಲೆಕ್ಟ್ರಿಷಿಯನ್ ಒಬ್ಬರು, ಪೂರ್ತಿ ಸಾಲವನ್ನು ತೀರಿಸಿದ ಅಕೌಂಟೆಂಟ್ ಒಬ್ಬರು, ಮತ್ತು ನಾನು. ನಾನು ಒಯ್ಯುವುದು ಕ್ರ್ಯಾನ್‌ಬೆರಿ ಗೊಜ್ಜು. ನಮ್ಮ ಕವಳಿಕಾಯಿಯ ಹುಳಿಗೆ ಬಹಳ ಹತ್ತಿರವಾದ ಈ ಕೆಂಪು ಹಣ್ಣನ್ನು ಎಣ್ಣೆಯಲ್ಲಿ ಬಾಡಿಸಿ, ಬೆಲ್ಲ, ಮೆಣಸಿನಪುಡಿ ಹಾಕಿ, ಹುರಿದು ಪುಡಿಮಾಡಿದ ಮೆಂತ್ಯ ಸೇರಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರೆ ಅವರ ಸಿಹಿ ಕ್ರ್ಯಾನ್‌ಬೆರಿ ಸಾಸಿನ ಪಕ್ಕದಲ್ಲಿ ಅದಕ್ಕೂ ಒಂದು ಬಟ್ಟಲಿನ ಜಾಗ ಸಿಗುತ್ತದೆ. ಟರ್ಕಿ ಕೋಳಿಯ ಹೊಟ್ಟೆಯೊಳಗೆ ತುಂಬಿ ಬೇಯಿಸುವ ಬ್ರೆಡ್ಡಿನ ಸ್ಟಫಿಂಗನ್ನು ಮನೆಯಾಕೆ ನನಗಾಗಿ ತರಕಾರಿ ಸಾರಿನಲ್ಲಿ ಬೇರೆಯಾಗಿ ಮಾಡಿಡುತ್ತಾರೆ. ಹೇಳದೆಯೇ ಮಾಡುವ ಇಂಥ ಉಪಚಾರವನ್ನು ನಾನು ಮರೆಯುವಂತಿಲ್ಲ.

ಆ ದಿನ ಟಿವಿ ಬೆಳಿಗ್ಗೆಯಿಂದಲೇ ನಡೆಯುತ್ತಿರುತ್ತದೆ. ಮೊದಲು ನ್ಯೂಯಾರ್ಕಿನಲ್ಲಿ ಮೇಸೀಸ್ ಅಂಗಡಿಯವರ ಮೆರವಣಿಗೆ. ಮನೆಯೆತ್ತರದ ಬಲೂನುಗಳನ್ನು ಹಗ್ಗ ಹಿಡಿದವರ ಗುಂಪುಗಳು ಬೀದಿಯಲ್ಲಿ ನಡೆಸಿಕೊಂಡು ಬರುತ್ತವೆ, ಕೊನೆಯಲ್ಲಿ ಸಾಂಟಾಕ್ಲಾಸ್ ಬರುತ್ತಾನೆ. ಅದಾದ ಮೇಲೆ ಅದೇ ಎನ್‌ಬಿಸಿ ವಾಹಿನಿಯಲ್ಲಿ ನಾಯಿಗಳ ಪ್ರದರ್ಶನ, ನಂತರ ಬೇರೊಂದು ವಾಹಿನಿಯಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡದ ಅಮೆರಿಕನ್ ಫುಟ್‌ಬಾಲ್ ಪಂದ್ಯ. ಹಬ್ಬದ ದಿನ ಲಯನ್ಸ್ ಆಡದಿದ್ದರೆ ಮಿಷಿಗನ್ನಿನವರಿಗೆ ಹಬ್ಬವೇ ಆದಂತಲ್ಲ. ಆದರೆ ಈ ಪದ್ಧತಿ ಶುರುವಾದದ್ದು 1934ರಲ್ಲಿ. ರೇಡಿಯೋ ಕೇಂದ್ರವೊಂದರ ಮಾಲೀಕರಾಗಿದ್ದ ಜಾರ್ಜ್ ರಿಚರ್ಡ್ಸ್ ಆ ವರ್ಷ ಒಹಾಯೊ ರಾಜ್ಯದಿಂದ ತಂಡವನ್ನು ಕೊಂಡು ಡೆಟ್ರಾಯಿಟ್‌ಗೆ ತಂದರು. ಬೇಸ್‌ಬಾಲನ್ನೇ ಮೆಚ್ಚುತ್ತಿದ್ದ ಊರಿನಲ್ಲಿ ಪ್ರೇಕ್ಷಕರು ಸಾಲದಾದಾಗ, ಹಬ್ಬದ ದಿನವೇ ಶಿಕಾಗೊ ಬೇರ್ಸ್ ತಂಡದೊಂದಿಗೆ ಪಂದ್ಯ ಇಟ್ಟು, ಅದನ್ನು ದೇಶದ ಉದ್ದಗಲಕ್ಕೂ ರೇಡಿಯೋದಲ್ಲಿ ಬಿತ್ತರಿಸಿದರು. ಮಹಾಯುದ್ಧದ ಸುತ್ತಿನ ಕೆಲವು ವರ್ಷ ಬಿಟ್ಟರೆ ಅಂದಿನಿಂದ ಅದು ನಿಂತಿಲ್ಲ.

ಹೀಗೆ ಒಂದೊಂದನ್ನೇ ಹಿಡಿದು ನೋಡಿದರೆ ಈ ಹಬ್ಬದಲ್ಲಿ ಅನಾದಿಯೆಂದು ತೋರುವ ಬಹುಪಾಲು ಸಂಗತಿಗಳು ಒಬ್ಬಿಬ್ಬರ ಜೀವಿತದಷ್ಟು ಹಳೆಯವು ಮಾತ್ರ. ಮೇಸೀಸ್ ಮೆರವಣಿಗೆ 1924ರದು. ಪ್ರತಿ ಮನೆಯಲ್ಲೂ ಕಾಣುವ ಹುರುಳಿಕಾಯಿಯ ಕ್ಯಾಸರೋಲ್ ಎಂಬ ಬೇಯಿಸಿದ ಖಾದ್ಯವನ್ನು ಕ್ಯಾಂಬೆಲ್ಸ್ ಸೂಪ್ ಕಂಪನಿಯ ಅಡುಗೆಮನೆಯಲ್ಲಿ ಡಾರ್ಕಸ್ ರೈಲಿ ಎಂಬಾಕೆ 1955ರಲ್ಲಿ ರೂಪಿಸಿದರು. ಹಬ್ಬದ ದಿನಾಂಕವೂ ಹಾಗೆಯೇ: 1863ರಲ್ಲಿ ಅಬ್ರಹಾಂ ಲಿಂಕನ್ ನವೆಂಬರಿನ ಕೊನೆಯ ಗುರುವಾರವೆಂದು ಸಾರಿದ್ದನ್ನು, ಕ್ರಿಸ್‌ಮಸ್ ವ್ಯಾಪಾರಕ್ಕೆ ಹೆಚ್ಚು ದಿನ ಸಿಗಲೆಂದು 1939ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಂದು ವಾರ ಹಿಂದಕ್ಕೆ ಎಳೆದರು, ಕೆಲವು ರಾಜ್ಯಗಳು ಒಪ್ಪಿ ಕೆಲವು ಒಪ್ಪದೆ ದೇಶದಲ್ಲಿ ಎರಡು ದಿನ ಹಬ್ಬವಾಗಿ, ಕೊನೆಗೆ 1941ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ನಾಲ್ಕನೆಯ ಗುರುವಾರವೆಂದು ಕಾನೂನು ಮಾಡಿತು. ಇದೇ ದಿನವನ್ನು ಮ್ಯಾಸಚೂಸೆಟ್ಸ್ ರಾಜ್ಯದ ಪ್ಲಿಮತ್ ಊರಿನಲ್ಲಿ ಮೂಲನಿವಾಸಿಗಳು 1970ರಿಂದ ಶೋಕದ ದಿನವಾಗಿ ಆಚರಿಸುತ್ತಿದ್ದಾರೆಂಬುದನ್ನು ಮನೆಯ ಮಗಳು ಪ್ರತಿಸಲ ನೆನಪಿಸುತ್ತಾಳೆ, ಮತ್ತು ಆಕೆಯ ಅಜ್ಜ ತಲೆಯಾಡಿಸುತ್ತಾರೆ.

ಕಳೆದ ಹಬ್ಬದಲ್ಲಿ ಸಾಲದ ಮಾತು ಎದ್ದದ್ದೂ ಟಿವಿಯಿಂದಲೇ. ಪಂದ್ಯದ ನಡುವೆ ಸಾಲ ಒಟ್ಟುಗೂಡಿಸಿ ಕಂತು ಇಳಿಸಿಕೊಡುತ್ತೇವೆಂಬ ಜಾಹೀರಾತೊಂದು ಬಂತು. ಅಕೌಂಟೆಂಟ್ ಗೆಳತಿಗೆ ಹಳೆಯದೊಂದು ಕಾರ್ಯಕ್ರಮ ನೆನಪಾಯಿತು. 2018ರಲ್ಲಿ ಟ್ರೂಟಿವಿ ವಾಹಿನಿಯಲ್ಲಿ ಮೈಕಲ್ ಟಾರ್ಪಿ ಎಂಬ ನಟ ನಡೆಸುತ್ತಿದ್ದ ಆ ರಸಪ್ರಶ್ನೆ ಆಟದಲ್ಲಿ ಭಾಗವಹಿಸುವವರೆಲ್ಲ ಕಾಲೇಜು ಸಾಲ ಹೊತ್ತವರು, ಗೆದ್ದವರಿಗೆ ಸಿಗುವ ಬಹುಮಾನ ಅವರ ಸಾಲದ ತೀರುವಳಿ. ಸರಿಯುತ್ತರ ಹೇಳಿ ಕಣ್ಣೀರಿಟ್ಟವರನ್ನು ನೋಡಿ ತನಗೂ ಅಳು ಬರುತ್ತಿತ್ತು ಎಂದರು ಆಕೆ. ನನಗೆ ಆ ಮಾತು ಬಹಳ ನಾಟಿತು. ಶಿಕ್ಷಣದ ಸಾಲದಿಂದ ಬಿಡುಗಡೆ ಎಂಬುದು ಅದೃಷ್ಟದ ಆಟದ ಬಹುಮಾನವಾಗುವ ಮಟ್ಟಕ್ಕೆ ಬಂದಿದ್ದರೆ, ಆ ಸಾಲದ ವ್ಯವಸ್ಥೆಯಲ್ಲಿಯೇ ಏನೋ ಕೆಟ್ಟಿದೆಯೆಂದು ತಿಳಿಯಲು ಬೇರೆ ಪುರಾವೆ ಬೇಡ. ಕೇಂದ್ರ ಸರ್ಕಾರಕ್ಕೆ ಹೀಗೆ ಸಾಲ ತೀರಿಸಬೇಕಾದವರು ಸುಮಾರು 4 ಕೋಟಿ 30 ಲಕ್ಷ ಜನ, ಅವರ ಒಟ್ಟು ಸಾಲ 1.6 ಲಕ್ಷ ಕೋಟಿ ಡಾಲರಿಗೂ ಹೆಚ್ಚು.

ಅಜ್ಜನವರ ಕಥೆ ಬೇರೆ. ಕಲಮಜೂ ಕಾಗದದ ಊರೆಂದು ಹೆಸರಾಗಿದ್ದ ಕಾಲದಲ್ಲಿ ಅವರು ಬೇಸಿಗೆಯಲ್ಲಿ ಕಾಗದದ ಗಿರಣಿಯಲ್ಲಿ ದುಡಿದು, ಆ ಕೂಲಿಯಲ್ಲೇ ಇಲ್ಲಿನ ವೆಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ ವರ್ಷದ ಶುಲ್ಕ ಕಟ್ಟಿದವರು. ನಾನು ದುಡಿದು ಓದಿದೆ, ಈಗಿನವರೂ ಹಾಗೆ ಮಾಡಲಿ ಎನ್ನುವವರು ಈ ದೇಶದಲ್ಲಿ ಬೇಕಾದಷ್ಟು ಜನರಿದ್ದಾರೆ. ಅಜ್ಜ ಹಾಗೆ ಹೇಳಲಿಲ್ಲ. ಆ ಗಿರಣಿಯೂ ಈಗಿಲ್ಲ, ಆ ಶುಲ್ಕವೂ ಈಗಿಲ್ಲ, ಇವರು ಎಲ್ಲಿ ದುಡಿಯಬೇಕು ಎಂದರು. ನ್ಯೂಯಾರ್ಕಿನ ಸಿಟಿ ಯೂನಿವರ್ಸಿಟಿಯಲ್ಲಿ 1976ರವರೆಗೆ ಬೋಧನಾ ಶುಲ್ಕವೇ ಇರಲಿಲ್ಲ. ನಗರದ ಬೊಕ್ಕಸ ಬರಿದಾದಾಗ ಅದು ಹೋಯಿತು. ಕಾಲೇಜು ಸಾಲ ಈ ದೇಶದ ಸನಾತನ ಪದ್ಧತಿಯೇನಲ್ಲ. 1957ರಲ್ಲಿ ಸೋವಿಯತ್ ರಷ್ಯಾ ಸ್ಪುಟ್ನಿಕ್ ಉಪಗ್ರಹ ಹಾರಿಸಿದ ಗಾಬರಿಯಲ್ಲಿ ಮರುವರ್ಷ ಬಂದ ಕಾನೂನಿನಿಂದ ಕೇಂದ್ರದ ವಿದ್ಯಾರ್ಥಿ ಸಾಲ ಹುಟ್ಟಿತು. 1965ರ ನವೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ತಾವೇ ಓದಿದ್ದ ಟೆಕ್ಸಸ್ಸಿನ ಕಾಲೇಜಿನಲ್ಲಿ ಸಹಿ ಹಾಕಿದ ಉನ್ನತ ಶಿಕ್ಷಣ ಕಾಯಿದೆಯಿಂದ ಅದು ಹರಡಿತು. ಲಯನ್ಸ್ ತಂಡದ ಹಬ್ಬದ ಪಂದ್ಯಕ್ಕಿಂತ ಈ ಸಾಲ ಕಿರಿಯದು. ಇನ್ನೊಂದು ವಿಷಯವನ್ನು ಶಿಕ್ಷಕಿ ಗೆಳತಿ ಹೇಳಿದಾಗ ಎಲ್ಲರೂ ತಲೆಯೆತ್ತಿದರು: 1958ರ ಆ ಮೊದಲ ಕಾನೂನಿನಲ್ಲೇ, ಸಾಲ ಪಡೆದವರು ಸರ್ಕಾರಿ ಶಾಲೆಯ ಶಿಕ್ಷಕರಾದರೆ ವರ್ಷಕ್ಕಿಷ್ಟರಂತೆ ಅರ್ಧ ಸಾಲದವರೆಗೆ ಮನ್ನಾ ಮಾಡುವ ಅವಕಾಶವಿತ್ತು. ಹಾಗಿದ್ದಲ್ಲಿ ಮನ್ನಾ ಎಂಬುದು ಇತ್ತೀಚಿನ ರಾಜಕಾರಣಿಗಳು ಕಂಡುಹಿಡಿದ ಆಮಿಷವೆನ್ನುವುದು ಸರಿಯಲ್ಲ. ಸಾಲ ಹುಟ್ಟಿದಾಗಲೇ ಅದರ ಜೊತೆಗೆ ಮನ್ನಾವೂ ಹುಟ್ಟಿತ್ತು.

ಆಕೆ ತಮ್ಮ ಫೋನಿನಲ್ಲಿ ಸಾಲದ ಖಾತೆಯನ್ನು ತೆರೆದು ನನ್ನ ಮುಂದೆ ಹಿಡಿದರು. ಮೇಲೊಂದು ಸಾಲಿನಲ್ಲಿ ಅಸಲು, ಕೆಳಗೊಂದು ಸಾಲಿನಲ್ಲಿ ಸೇರಿಕೊಂಡ ಬಡ್ಡಿ, ಅದರ ಕೆಳಗೆ ದಪ್ಪಕ್ಷರದಲ್ಲಿ ಒಟ್ಟು ಮೊತ್ತ. ವರ್ಷಗಟ್ಟಲೆ ಒಂದೂ ಕಂತು ತಪ್ಪಿಸದ ಅವರ ಒಟ್ಟು ಮೊತ್ತ ಪದವಿ ಮುಗಿಸಿದ ದಿನಕ್ಕಿಂತ ಹೆಚ್ಚಾಗಿತ್ತು. ಆದಾಯಕ್ಕೆ ತಕ್ಕಂತೆ ಕಂತು ನಿಗದಿಯಾಗುವ ಯೋಜನೆಯಲ್ಲಿ, ಶಿಕ್ಷಕಿಯ ಸಂಬಳಕ್ಕೆ ಬರುವ ಕಂತು ತಿಂಗಳ ಬಡ್ಡಿಗಿಂತ ಕಡಿಮೆಯಿದ್ದರೆ ಹೀಗಾಗುತ್ತದೆ. ಸಾರ್ವಜನಿಕ ಸೇವೆಯಲ್ಲಿ ಇರುವವರು 120 ಕಂತು ಕಟ್ಟಿದರೆ ಉಳಿದದ್ದು ಮನ್ನಾ ಆಗುವ 2007ರ ಕಾನೂನನ್ನು ನಂಬಿ ಗಂಡ ಹೆಂಡತಿ ಇಬ್ಬರೂ ಕಟ್ಟುತ್ತಿದ್ದಾರೆ. ಮಧ್ಯೆ ಖಾತೆ ಕಂತು ವಸೂಲು ಮಾಡುವ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ವರ್ಗವಾದಾಗ ಕಟ್ಟಿದ ಕಂತುಗಳ ಲೆಕ್ಕ ತಪ್ಪಿ, ಹಳೆಯ ರಸೀದಿಗಳನ್ನೆಲ್ಲ ಕಳಿಸಿ ಸರಿಪಡಿಸಿಕೊಳ್ಳಬೇಕಾಯಿತಂತೆ. ಆ ರಸೀದಿಗಳ ಕಡತ ಈಗಲೂ ಅವರ ಅಡುಗೆಮನೆಯ ಕಪಾಟಿನಲ್ಲಿ, ಅಡುಗೆ ಪುಸ್ತಕಗಳ ನಡುವೆ ಇದೆ.

2022ರ ಆಗಸ್ಟಿನಲ್ಲಿ ಜೋ ಬೈಡನ್ ತಲಾ 10,000 ಡಾಲರ್, ಬಡ ವಿದ್ಯಾರ್ಥಿಗಳ ಪೆಲ್ ಅನುದಾನ ಪಡೆದಿದ್ದವರಿಗೆ 20,000 ಡಾಲರ್ ಮನ್ನಾ ಘೋಷಿಸಿದರು. 2023ರ ಜೂನ್ 30ರಂದು ಸುಪ್ರೀಂ ಕೋರ್ಟು 6-3ರ ಬಹುಮತದಲ್ಲಿ, ಕಾಂಗ್ರೆಸ್ಸಿನ ಸ್ಪಷ್ಟ ಅನುಮತಿಯಿಲ್ಲದೆ ಇಷ್ಟು ದೊಡ್ಡ ಮನ್ನಾ ಸಾಧ್ಯವಿಲ್ಲವೆಂದು ಅದನ್ನು ರದ್ದುಮಾಡಿತು. ನಮ್ಮ ಮೇಜಿನಲ್ಲಿ ಈ ವಿಷಯಕ್ಕೆ ಎರಡೇ ಪಕ್ಷಗಳಿಲ್ಲ. ಎಲೆಕ್ಟ್ರಿಷಿಯನ್ ಗೆಳೆಯ ತಮ್ಮ ತೆರಿಗೆಯಿಂದ ವಕೀಲರ ಸಾಲ ತೀರಬಾರದೆಂದರು, ಆದರೆ ಶಿಕ್ಷಕರ ಮತ್ತು ನರ್ಸುಗಳ ಸಾಲಕ್ಕೆ ತಮ್ಮ ಅಡ್ಡಿಯಿಲ್ಲವೆಂದೂ ಸೇರಿಸಿದರು. ಅಕೌಂಟೆಂಟ್ ಗೆಳತಿಯದು ಇನ್ನೂ ನೋವಿನ ಮಾತು. ಸಾಲ ತೀರಲೆಂದು ಆಕೆ ಮನೆ ಕೊಳ್ಳುವುದನ್ನು ಮುಂದೂಡಿದರು, ಹಬ್ಬಕ್ಕೆ ವಿಮಾನದ ಟಿಕೆಟ್ ಕೊಳ್ಳಲಾಗದೆ ತವರಿಗೆ ಹೋಗದ ವರ್ಷಗಳೂ ಇದ್ದವು. ಪ್ರಾಮಾಣಿಕವಾಗಿ ಕಟ್ಟಿದವರಿಗೆ ಒಂದು ಮಾತಿನ ಮನ್ನಣೆಯೂ ಇಲ್ಲವೇ ಎಂದು ಆಕೆ ಕೇಳಿದರು.

ಈ ಪ್ರಶ್ನೆ ಕರ್ನಾಟಕದವರಿಗೆ ಹೊಸದಲ್ಲ. ಬೆಳೆಸಾಲ ಮನ್ನಾ ಆದಾಗಲೆಲ್ಲ ಸೊಸೈಟಿಯ ಕಟ್ಟೆಯ ಮೇಲೆ, ಗಡುವಿನೊಳಗೆ ಕಟ್ಟಿದ ರೈತ ಇದನ್ನೇ ಕೇಳಿದ್ದಾನೆ. ನಾನು ಅವರಿಗೆ ನಮ್ಮ ರಾಜ್ಯದ ಕಥೆ ಹೇಳಿದೆ. 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಸಹಕಾರ ಸಂಘಗಳ ಸಾಲದಲ್ಲಿ ತಲಾ 50,000 ರೂಪಾಯಿವರೆಗೆ ಮನ್ನಾ ಮಾಡಿತು. ಮರುವರ್ಷದ ಬಜೆಟ್ಟಿನಲ್ಲಿ ಕುಮಾರಸ್ವಾಮಿಯವರು ಮಿತಿಯನ್ನು 2 ಲಕ್ಷಕ್ಕೆ ಏರಿಸಿದಾಗ, ಸಕಾಲಕ್ಕೆ ಸಾಲ ತೀರಿಸಿದ ರೈತರಿಗೂ ಅವರು ಕಟ್ಟಿದ ಮೊತ್ತ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅದನ್ನು ಕೊಡುವುದಾಗಿ ಘೋಷಿಸಿದ್ದರು. ಅಕೌಂಟೆಂಟ್ ಗೆಳತಿ ಈ ಕೊನೆಯ ಅಂಶವನ್ನು ನನ್ನಿಂದ ಎರಡು ಸಲ ಹೇಳಿಸಿದರು. ಇಲ್ಲಿ ಹಾಗೊಂದು ಅಂಶವನ್ನು ಸೇರಿಸಿದ್ದರೆ ತನ್ನಂಥವರ ಅರ್ಧ ಸಿಟ್ಟು ಇಳಿಯುತ್ತಿತ್ತು ಎಂದರು. ಮನ್ನಾದ ಹಣವನ್ನು ಎಲ್ಲಿಂದ ತರುವುದೆಂಬ ಎಲೆಕ್ಟ್ರಿಷಿಯನ್ನರ ಪ್ರಶ್ನೆಗೆ ನಮ್ಮ ರಾಜ್ಯದ ಅನುಭವದಲ್ಲಿಯೂ ಸುಲಭದ ಉತ್ತರ ಇರಲಿಲ್ಲವೆಂಬುದನ್ನು ಹೇಳಬೇಕು.

ನನ್ನ ಅಭಿಪ್ರಾಯ ಇಷ್ಟು. ಅಸಲನ್ನು ಮನ್ನಾ ಮಾಡುವ ಬಗ್ಗೆ ವಾದ ಇರಬಹುದು. ಕಂತು ತಪ್ಪದೆ ಕಟ್ಟುವವರ ಸಾಲ ಬೆಳೆಯುತ್ತ ಹೋಗುವುದನ್ನು ಸಮರ್ಥಿಸಲು ನನಗೆ ಒಂದು ಕಾರಣವೂ ಸಿಗುವುದಿಲ್ಲ. 2025ರ ಜುಲೈ 4ರಂದು ಡೊನಾಲ್ಡ್ ಟ್ರಂಪ್ ಸಹಿ ಮಾಡಿದ ಕಾನೂನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಿಗುವ ಸಾಲಕ್ಕೆ ಬಿಗಿಯಾದ ಮಿತಿ ಹಾಕಿದೆ. ಅದೇ ಕಾನೂನಿನ ಹೊಸ ಮರುಪಾವತಿ ಯೋಜನೆಯಲ್ಲಿ, ಸಕಾಲಕ್ಕೆ ಕಂತು ಕಟ್ಟಿದವರಿಗೆ ಕಂತು ಮೀರಿದ ಬಡ್ಡಿಯನ್ನು ಬಿಟ್ಟುಬಿಡುವ ಅಂಶವೂ ಇದೆ. ಆ ಕಾನೂನಿನ ಬೇರೆ ಎಷ್ಟೋ ಭಾಗಗಳನ್ನು ಒಪ್ಪದ ಶಿಕ್ಷಕಿ ಗೆಳತಿ ಕೂಡ ಈ ಒಂದು ಅಂಶವನ್ನು ಒಳ್ಳೆಯದೆಂದರು.

ನಮ್ಮ ಕಡೆಯಿಂದ ಇಲ್ಲಿಗೆ ಓದಲು ಬರುವ ಮಕ್ಕಳಿಗೆ ಈ ಮನ್ನಾಗಳ ಯಾವ ಲಾಭವೂ ಇಲ್ಲ, ಏಕೆಂದರೆ ವಿದ್ಯಾರ್ಥಿ ವೀಸಾದವರಿಗೆ ಅಮೆರಿಕದ ಕೇಂದ್ರ ಸರ್ಕಾರ ಸಾಲವನ್ನೇ ಕೊಡುವುದಿಲ್ಲ. ಅವರ ಸಾಲ ಬಹುಮಟ್ಟಿಗೆ ಊರಿನ ಬ್ಯಾಂಕಿನದು. ನಾನು ಎಂ.ಎಸ್. ಓದಲು ಬಂದಾಗ ಶಿವಮೊಗ್ಗದ ನಮ್ಮ ಮನೆಯ ಪತ್ರಗಳು ಬ್ಯಾಂಕಿನಲ್ಲಿದ್ದವು, ಅಪ್ಪ ಸಹ ಅರ್ಜಿದಾರರಾಗಿ ಸಹಿ ಹಾಕಿದ್ದರು. ಇದನ್ನು ಕೇಳಿ ನರ್ಸ್ ಗೆಳೆಯ ಗಾಬರಿಯಾದರು: ನೀನು ಕಟ್ಟದಿದ್ದರೆ ಅಪ್ಪ ಅಮ್ಮನ ಮನೆ ಹೋಗುತ್ತಿತ್ತೇ? ಹೌದೆಂದೆ. ಹದಿನೆಂಟರ ಹುಡುಗನಾಗಿದ್ದಾಗ ಅವರು ತಮ್ಮ ಸಾಲಕ್ಕೆ ಒಬ್ಬರೇ ಸಹಿ ಹಾಕಿದ್ದರಂತೆ. ಆ ಸಾಲ ದಿವಾಳಿಯೆಂದು ಘೋಷಿಸಿಕೊಂಡರೂ ಸುಲಭಕ್ಕೆ ಬಿಡದೆಂದು ಆಗ ಅವರಿಗೆ ಯಾರೂ ಹೇಳಿರಲಿಲ್ಲ. ಎರಡರಲ್ಲಿ ಯಾವುದು ಹೆಚ್ಚು ಭಾರವೆಂದು ಬಹಳ ಹೊತ್ತು ಮಾತಾಯಿತು. ಅಪ್ಪನ ಮನೆಯ ಚಿಂತೆ ಇದ್ದುದರಿಂದ ನನಗೆ ನಿದ್ರೆ ಬಾರದ ರಾತ್ರಿಗಳಿದ್ದವು, ಜೊತೆಗೆ ಆ ಭಾರವನ್ನು ಹಂಚಿಕೊಳ್ಳುವ ಜನರೂ ಇದ್ದರು.

ಪಂಪ್ಕಿನ್ ಪೈ ಬಂದ ಮೇಲೆ ಮಾತು ಮಗಳ ಕಡೆಗೆ ತಿರುಗಿತು. ಕಲಮಜೂವಿನಲ್ಲಿ 2005ರಲ್ಲಿ, ಹೆಸರು ಹೇಳದ ದಾನಿಗಳು ಈ ಊರಿನ ಸರ್ಕಾರಿ ಶಾಲೆಗಳಲ್ಲಿ ಓದಿದ ಮಕ್ಕಳ ಕಾಲೇಜು ಶುಲ್ಕವನ್ನು ತಾವು ಕಟ್ಟುವುದಾಗಿ ಮಾತುಕೊಟ್ಟರು. ಕಲಮಜೂ ಪ್ರಾಮಿಸ್ ಎಂದು ಹೆಸರಾದ ಆ ಯೋಜನೆ ಇಂದಿಗೂ ನಡೆಯುತ್ತಿದೆ, ದಾನಿಗಳು ಇಂದಿಗೂ ಮುಂದೆ ಬಂದಿಲ್ಲ. ಶಿಶುವಿಹಾರದಿಂದಲೇ ಇಲ್ಲಿ ಓದಿದವರಿಗೆ ಪೂರ್ತಿ ಶುಲ್ಕ, ಒಂಬತ್ತನೆಯ ತರಗತಿಗೆ ಸೇರಿದವರಿಗೆ ಶೇಕಡ 65. ಈ ಹುಡುಗಿಗೆ ಪೂರ್ತಿ ಸಿಗುತ್ತದೆ. ಪಕ್ಕದ ಪೋರ್ಟೇಜ್ ಊರಿನಲ್ಲಿರುವ ಆಕೆಯ ಚಿಕ್ಕಪ್ಪನ ಮಗನಿಗೆ ಏನೂ ಸಿಗುವುದಿಲ್ಲ, ಏಕೆಂದರೆ ಅದು ಬೇರೆ ಶಾಲಾ ಜಿಲ್ಲೆ. ಶುಲ್ಕ ತೀರಿದರೂ ಹಾಸ್ಟೆಲ್ಲಿನ ಮತ್ತು ಊಟದ ಖರ್ಚು ಉಳಿಯುತ್ತದೆ. ಅಪ್ಪನಿಗೆ ಮಗಳು ಮನೆಯಿಂದಲೇ ವೆಸ್ಟರ್ನ್ ಮಿಷಿಗನ್ನಿಗೆ ಹೋಗಲೆಂಬ ಆಸೆ, ಮಗಳ ಮನಸ್ಸು ಆ್ಯನ್ ಆರ್ಬರಿನ ಮಿಷಿಗನ್ ವಿಶ್ವವಿದ್ಯಾಲಯದ ಮೇಲೆ. ಅಕೌಂಟೆಂಟ್ ಗೆಳತಿ ಪಕ್ಕದಲ್ಲಿ ಕೂತು, ಹಾಸ್ಟೆಲ್ಲಿನ ಖರ್ಚಿಗೆ ಮಾತ್ರ ಸಾಲ ಮಾಡಿದರೆ ನಾಲ್ಕು ವರ್ಷದ ಕೊನೆಗೆ ಎಷ್ಟಾಗುತ್ತದೆಂದು ಕಾಗದದ ಕರವಸ್ತ್ರದ ಮೇಲೆ ಬರೆದು ತೋರಿಸಿದರು. ಹುಡುಗಿ ಅದನ್ನು ಎರಡು ಮೂರು ಸಲ ಓದಿ, ಬೇಸಿಗೆಯಲ್ಲಿ ಎಲೆಕ್ಟ್ರಿಷಿಯನ್ನರ ಕೈಕೆಳಗೆ ಸಹಾಯಕಳಾಗಿ ದುಡಿದರೆ ಅದರಲ್ಲಿ ಎಷ್ಟು ಕಳೆಯಬಹುದೆಂದು ಕೇಳಿದಳು. ಅವರು ಗಂಟೆಯ ಕೂಲಿ ಹೇಳಿದರು. ಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು.