ಐದು ಜನ, ನಾಲ್ಕು ತುಂಡು

ಶನಿವಾರ, 22 ನವೆಂಬರ್ 2025
ದಾವಣಗೆರೆ

ಈಗಷ್ಟೇ ಮನೆಗೆ ಬಂದೆವು. ಹನ್ನೊಂದು ಗಂಟೆ ಆಗಿದೆ. ಮರೆಯುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ.

ಬೆಂಗಳೂರಿನಿಂದ ತಮ್ಮ, ಅವನ ಹೆಂಡತಿ, ಏಳು ವರ್ಷದ ಮಗಳು ಬಂದಿದ್ದಾರೆ. ಅಮ್ಮನಿಗೆ ಒಂದು ದಿನ ಅಡುಗೆಮನೆ ಬೇಡ ಅಂತ ವಿದ್ಯಾನಗರದ ಕಡೆ ಇರುವ ಒಂದು ಫ್ಯೂಷನ್ ಹೋಟೆಲಿಗೆ, ಅಂದರೆ ನಮ್ಮ ಅಡುಗೆಯನ್ನೂ ಹೊರದೇಶದ ಅಡುಗೆಯನ್ನೂ ಬೆರೆಸಿ ಮಾಡುವ ಕಡೆಗೆ, ಹೋಗಿದ್ದೆವು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ಲೇಟ್ ಅಂತ ಇಲ್ಲ. ಎಲ್ಲವೂ ಸಣ್ಣ ಸಣ್ಣ ಪ್ಲೇಟು, ನಡುವೆ ಇಟ್ಟುಕೊಂಡು ಹಂಚಿಕೊಂಡು ತಿನ್ನಬೇಕು. ಯಾವುದು ಮೊದಲು ರೆಡಿ ಆಗುತ್ತದೋ ಅದು ಮೊದಲು ಬರುತ್ತದೆ. ಸ್ಪೇನಿನಲ್ಲಿ ಇಂಥ ತಿಂಡಿಗೆ ತಾಪಾಸ್ ಅಂತಾರೆ. ತಾಪಾ ಅಂದರೆ ಅವರ ಭಾಷೆಯಲ್ಲಿ ಮುಚ್ಚಳ. ಲೋಟಕ್ಕೆ ನೊಣ ಬೀಳದಿರಲಿ ಅಂತ ಮೇಲೆ ಒಂದು ತುಂಡು ಬ್ರೆಡ್ ಮುಚ್ಚುತ್ತಿದ್ದರು, ಅದರಿಂದಲೇ ಈ ಹೆಸರು ಬಂತು ಅನ್ನುವ ಕಥೆ ಇದೆ.

ಮೊದಲು ಬಂದದ್ದು ಕಡಕ್ ರೊಟ್ಟಿ ಮತ್ತು ಹಮ್ಮಸ್. ಜೋಳದ ರೊಟ್ಟಿಯನ್ನು ಅಂಗೈಯಗಲ ಮುರಿದು ಸುತ್ತ ಜೋಡಿಸಿದ್ದರು. ನಡುವೆ ಒಂದು ಬಟ್ಟಲು. ಕಾಬೂಲಿ ಕಡಲೆ ಬೇಯಿಸಿ, ಎಳ್ಳು, ಬೆಳ್ಳುಳ್ಳಿ, ನಿಂಬೆರಸ ಹಾಕಿ ನುಣ್ಣಗೆ ರುಬ್ಬಿದ್ದು. ಆಲಿವ್ ಎಣ್ಣೆಯ ಬದಲು ಶೇಂಗಾ ಎಣ್ಣೆ, ಮೇಲೆ ಶೇಂಗಾ ಚಟ್ನಿಪುಡಿ.

ಅಮ್ಮ ಬಟ್ಟಲನ್ನೇ ನೋಡುತ್ತಾ ಕೂತಳು. "ಎಲ್ಲರೂ ಇದೇ ಬಟ್ಟಲಿಗೆ ಅದ್ದೋದಾ?"

ನಮ್ಮ ಮನೆಯಲ್ಲಿ ಎಂಜಲು ಅಂದರೆ ಎಂಜಲು. ಕಚ್ಚಿದ ರೊಟ್ಟಿ ಪಲ್ಯದ ಪಾತ್ರೆಯನ್ನು ಮುಟ್ಟುವಂತಿಲ್ಲ. ನಾನು ಇನ್ನೊಂದು ಚಮಚ ತರಿಸಿ ಮೊದಲು ಅವಳ ತಟ್ಟೆಗೆ ಹಾಕಿದೆ, ಆಮೇಲೆ ಎಲ್ಲರ ತಟ್ಟೆಗೆ. ಅಮ್ಮ ಒಂದು ಚೂರು ಬಾಯಿಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಇದ್ದಳು. "ಎಳ್ಳು ಇನ್ನೊಂಚೂರು ಹುರೀಬೇಕಿತ್ತು. ಆದ್ರೆ ರೊಟ್ಟಿಗೆ ಹೊಂದ್ತದೆ ಬಿಡು" ಅಂದಳು. ನನಗೂ ಹಾಗೇ ಅನ್ನಿಸಿತು. ಕಡಕ್ ರೊಟ್ಟಿ ಒಣಗಿದ್ದು, ಅದಕ್ಕೆ ಏನಾದರೂ ಹಸಿಯಾಗಿ, ಸ್ವಲ್ಪ ಹುಳಿಯಾಗಿ ಜೊತೆಗಿರಬೇಕು. ಎಲ್ಲಿಂದಲೋ ಬಂದ ಕಡಲೆ ಚಟ್ನಿ ಆ ಕೆಲಸವನ್ನು ಸರಿಯಾಗಿ ಮಾಡಿತು.

ಆಮೇಲೆ ಎಣ್ಣೆಗಾಯಿ ಬಾವ್ ಬಂತು. ಬಾವ್ ಅಂದರೆ ಚೀನಾದ ಬನ್, ಮೈದಾ ಹಿಟ್ಟನ್ನು ಹುಳಿ ಬರಿಸಿ ಇಡ್ಲಿ ಹಾಗೆ ಹಬೆಯಲ್ಲಿ ಬೇಯಿಸುತ್ತಾರೆ. ಬೆಳ್ಳಗೆ, ಮೆತ್ತಗೆ, ಸ್ವಲ್ಪ ಸಿಹಿ. ಅದನ್ನು ಮಡಚಿ ಒಳಗೆ ಒಂದು ಪುಟ್ಟ ಬದನೆಕಾಯಿ ಇಟ್ಟಿದ್ದರು, ತೊಟ್ಟಿನ ಸಮೇತ. ಮಸಾಲೆಯ ಎಣ್ಣೆ ಬನ್ನಿಗೆ ಇಳಿದು ಅಂಚೆಲ್ಲ ಕೆಂಪಾಗಿತ್ತು. ನೋಡಿದರೇ ಬಾಯಲ್ಲಿ ನೀರು.

ಪ್ಲೇಟಿನಲ್ಲಿ ಇದ್ದದ್ದು ನಾಲ್ಕು. ನಾವು ಐದು ಜನ.

"ನನಗೆ ಬ್ಯಾಡ, ಹೊಟ್ಟೆ ತುಂಬ್ತು. ನೀವು ತಿನ್ರಿ" ಅಂದಳು ಅಮ್ಮ. ತಿಂದದ್ದು ಎರಡು ಚೂರು ರೊಟ್ಟಿ. ನಾವು ಕೂಡ ಕೈ ಚಾಚಿಯೇ ಬಿಟ್ಟಿದ್ದೆವು. ಆಗ ಮಗು ಬೆರಳಿಟ್ಟು ಎಣಿಸಿ, "ಅಜ್ಜಿಗೇ ಇಲ್ಲ" ಅಂತು.

ಆ ಮಾತು ಈಗಲೂ ಕಿವಿಯಲ್ಲಿದೆ. ಮನೆಯಲ್ಲಿ ಅಮ್ಮ ಕೊನೆಗೆ ಊಟ ಮಾಡುತ್ತಾಳೆ. ಪಾತ್ರೆಯಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಿರುವುದು ಅವಳೊಬ್ಬಳಿಗೇ. ನಾವು ಕೈ ತೊಳೆದು ಎದ್ದು ಟಿವಿ ಮುಂದೆ ಕೂತಿರುತ್ತೇವೆ. ಅವಳಿಗೆ ಬದನೆಕಾಯಿ ಸಿಕ್ಕಿತಾ, ಬರೀ ಗೊಜ್ಜು ಉಳಿದಿತ್ತಾ ಅಂತ ನಾನು ಒಂದು ದಿನವೂ ಕೇಳಿಲ್ಲ. ನನಗೆ ಮೂವತ್ತೆಂಟು ವರ್ಷ. ಇವತ್ತು ಆ ಲೆಕ್ಕ ಎಲ್ಲರ ಕಣ್ಣೆದುರು ಮೇಜಿನ ಮೇಲೆ ಇತ್ತು. ಬಡಿಸುವ ಕೆಲಸ ಅವಳ ಕೈಯಲ್ಲಿ ಇರಲಿಲ್ಲವಾದ್ದರಿಂದ ಅದನ್ನು ಮುಚ್ಚಿಡಲು ಅವಳಿಗೂ ಆಗಲಿಲ್ಲ.

ತಮ್ಮ ತನ್ನ ಬನ್ನನ್ನು ಅವಳ ತಟ್ಟೆಗೆ ಹಾಕಿದ. ನಾನು ಇನ್ನೊಂದು ಪ್ಲೇಟ್ ಹೇಳಿದೆ. ಆಮೇಲೆ ಯಾವುದು ಬಂದರೂ ಮೊದಲ ತುಂಡು ಅಜ್ಜಿಗೆ ಅಂತ ಮಗುವೇ ಹಾಕುತ್ತಿತ್ತು.

ಹಿಡಿಸದೇ ಇದ್ದದ್ದು ಬೆಣ್ಣೆ ದೋಸೆ. ಚೀಸ್, ಮಯೊನೇಸ್ ಹಾಕಿ ಸುತ್ತಿ, ಆರು ತುಂಡು ಮಾಡಿ ಕಡ್ಡಿ ಚುಚ್ಚಿದ್ದರು. ಬದಲಾಯಿಸಿದ್ದಕ್ಕೆ ನನ್ನ ತಕರಾರು ಇಲ್ಲ. ಬೆಣ್ಣೆ ದೋಸೆಯೇ ಬದಲಾಗುತ್ತಾ ಬಂದ ತಿಂಡಿ. 1928ರಲ್ಲಿ ಬೆಳಗಾವಿ ಕಡೆಯಿಂದ ಇಲ್ಲಿಗೆ ಬಂದ ಚೆನ್ನಮ್ಮ ಹಾಕುತ್ತಿದ್ದದ್ದು ರಾಗಿ ದೋಸೆ, ಅಕ್ಕಿ ಹಿಟ್ಟಿಗೆ ಬದಲಾಯಿಸಿದವರು ಅವರ ಮಕ್ಕಳು ಅಂತ ಊರಿನವರು ಹೇಳುತ್ತಾರೆ. ಆದರೆ ಈ ದೋಸೆ ಕಾವಲಿಯಿಂದ ನೇರ ತಟ್ಟೆಗೆ ಬರಬೇಕು. ಹಿಟ್ಟಿಗೆ ಮಂಡಕ್ಕಿ ಹಾಕುವುದರಿಂದ ಹೊರಗೆ ಗರಿಗರಿ, ಒಳಗೆ ಹತ್ತಿಯಂತೆ ಇರುತ್ತದೆ, ಅದೂ ಬಿಸಿ ಇರುವಷ್ಟು ಹೊತ್ತು ಮಾತ್ರ. ಕತ್ತರಿಸಿ, ಅಲಂಕಾರ ಮಾಡಿ ತರುವಷ್ಟರಲ್ಲಿ ಬೆಣ್ಣೆ ಗಟ್ಟಿಯಾಗಿ ಹಲ್ಲಿಗೆ ಅಂಟುತ್ತಿತ್ತು. ಬೆಣ್ಣೆಯ ವಾಸನೆ ಚೀಸಿನಲ್ಲಿ ಮುಳುಗಿಹೋಗಿತ್ತು. ಹಂಚಿ ತಿನ್ನುವುದಕ್ಕೆ ಎಲ್ಲವೂ ಒಗ್ಗುವುದಿಲ್ಲ. ಖಾರ ಮಂಡಕ್ಕಿ, ಮಿರ್ಚಿ ಒಗ್ಗುತ್ತವೆ, ಪೇಪರ್ ಹಾಸಿ ನಾಲ್ಕು ಜನ ಸುತ್ತ ಕೂತರೆ ಆಯಿತು. ಬೆಣ್ಣೆ ದೋಸೆ ಒಬ್ಬರಿಗೆ ಒಂದು ಪ್ಲೇಟು, ಅಷ್ಟೇ.

ಬಿಲ್ಲಿನಲ್ಲಿ ಜಿಎಸ್‌ಟಿ ಜೊತೆ ಸರ್ವಿಸ್ ಚಾರ್ಜ್ ಕೂಡ ಸೇರಿಸಿದ್ದರು. ತಾವಾಗಿಯೇ ಹಾಗೆ ಸೇರಿಸಬಾರದು ಅಂತ 2022ರಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ. ತಮ್ಮ ಕೇಳಿದ, ತೆಗೆದರು. ನಮಗೆ ಬಡಿಸಿದ ಹುಡುಗನ ಕೈಗೆ ಅಮ್ಮನೇ ನೂರು ರೂಪಾಯಿ ಕೊಟ್ಟಳು.

ಕಾರಿನಲ್ಲಿ ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಯಿತು. ಶಾಮನೂರು ರಸ್ತೆಯಲ್ಲಿ ಅಮ್ಮ ಕಿಟಕಿ ಕಡೆ ನೋಡುತ್ತಲೇ, "ಆ ಬದನೆಕಾಯಿ ಬನ್ನು ಇನ್ನೂ ಒಂದು ತಿಂತಿದ್ದೆ ನೋಡು" ಅಂದಳು.

ತಮ್ಮ ಗಾಡಿ ನಿಧಾನ ಮಾಡಿ ನನ್ನ ಮುಖ ನೋಡಿದ. ಹೋಟೆಲ್ ಮುಚ್ಚುವ ಹೊತ್ತಾಗಿತ್ತು. ನಾಳೆ ಸಂಜೆ ಅವರು ಬೆಂಗಳೂರಿಗೆ ಹೊರಡುವ ಮೊದಲು ಹೋಗಿ ಒಂದು ಪ್ಲೇಟ್ ಕಟ್ಟಿಸಿಕೊಂಡು ಬರಬೇಕು. ನಾಲ್ಕೂ ಅಮ್ಮನಿಗೇ.